ಮಿರೆಯ್ ಮೇಡಂ ಕೊಟ್ಟ ಅಳತೆ ಜಂಪರ

ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೈಗೆ ರೋಗ ಹತ್ತಿದೆ, ನಾನು ಸೊರಗಿದ್ದೇನೆ, ಅಷ್ಟೇ. ಹೇಳಲಿಲ್ಲ ಆ ಹೆಂಗಸು. ಎಂಟು ವರ್ಷವಾಯಿತು, ಟೈಲರ್ ಅಲೀಮನಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. ಗೋರಿಯಲ್ಲಿರುವವರ ಮೇಲೆ ಸಿಟ್ಟು ಮಾಡಬಾರದು ಎಂದು ಹೆಂಡತಿ ದಿಲ್‌ಶಾದ್ ಹೇಳುತ್ತಾಳೆ. ಗೋರಿಯಾದರೂ ಎಲ್ಲಿದೆ, ತೋರಿಸು ನೋಡೋಣ ಎಂದು ಇವನು ಎಗರಿ ಬೀಳುತ್ತಾನೆ.

ಆಕೆಯ ಹೆಸರು ಮಿರೆಯ್ ಕೊರ್ವಾಲ್. ಫ್ರಾನ್ಸ್ ದೇಶದವಳು. ಒಂದು ಕಾಲಕ್ಕೆ ಸಿನಿಮಾ ನಟಿ. ಕೊನೆಗಾಲದಲ್ಲಿ ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ, ಎರಡನೇ ಮಹಡಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದಳು. ಪಕ್ಕದ ಮನೆಯವರಿಗೂ ಆಕೆ ಯಾರೆಂದು ಗೊತ್ತಿರಲಿಲ್ಲ. ಅಲೀಮನಿಗೆ ಗೊತ್ತಿತ್ತು. ಎರಡು ವರ್ಷ ಕೂತು ಕೇಳಿದ್ದ.

ಅಲೀಮ್ ಗದಗ ಪಕ್ಕದ ಬೆಟಗೇರಿಯವನು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಅಪ್ಪನ ಹೊಲಿಗೆ ಮಷಿನ್ನಿನ ಪಕ್ಕ ಕೂತವನು. ತೊಂಬತ್ತಾರರಲ್ಲಿ ದಿಲ್‌ಶಾದಳ ತಮ್ಮ ಅದೀಬ್ ಇವರನ್ನು ಅಮೆರಿಕಕ್ಕೆ ಕರೆಸಿಕೊಂಡ. ಆರ್ಚರ್ಡ್ ಲೇಕ್ ರೋಡಿನಲ್ಲಿದ್ದ ಅವನ ಡ್ರೈಕ್ಲೀನಿಂಗ್ ಅಂಗಡಿಯ ಮೂಲೆಯಲ್ಲಿ ಅಲೀಮನ ಮಷಿನ್ ಕೂತಿತು. ಕೈ ಚೊಕ್ಕ, ಬಾಯಿ ಮಾತ್ರ ಕೆಟ್ಟದ್ದು. ಮೂರು ತಿಂಗಳಲ್ಲಿ ಅಂಗಡಿಗೆ ಬಂದವರೊಡನೆಲ್ಲ ಒಂದೊಂದು ಸಲ ಜಗಳವಾಗಿತ್ತು.

ಎಲ್ಲಕ್ಕಿಂತ ದೊಡ್ಡ ಜಗಳ ಟೇಪಿನದು. ಬೆಟಗೇರಿಯಲ್ಲಿ ಅವನ ಅಪ್ಪ ಹೆಂಗಸರ ಮೈಗೆ ಟೇಪು ಹಿಡಿದವನಲ್ಲ. ಸೀರೆಗೆ ಜಂಪರ ಹೊಲಿಸಬೇಕೆಂದರೆ ಮೈಗೆ ಸರಿಯಾಗಿ ಕೂರುವ ಹಳೆಯ ಜಂಪರವೊಂದನ್ನು ತರಬೇಕು. ಅದೇ ಅಳತೆ ಜಂಪರ. ಅದನ್ನು ಹಲಗೆಯ ಮೇಲೆ ಹರವಿ, ಅದರ ಮೇಲೆಯೇ ಲೆಕ್ಕ ಹಿಡಿದು ಕತ್ತರಿ ಹಾಕುವುದು. ಹೆಂಗಸು ಎದುರಿಗೆ ನಿಂತಿದ್ದರೆ ತಲೆ ಎತ್ತಿ ನೋಡುವುದೂ ತಪ್ಪು. ಅಲೀಮ್ ಅಮೆರಿಕಕ್ಕೆ ಬಂದ ಮೇಲೂ ಅದನ್ನೇ ಹಿಡಿದ.

"ಭಾವಾ, ಇಲ್ಲಿ ಹೆಂಗಸ್ರನ್ನ ಕನ್ನಡಿ ಮುಂದೆ ನಿಲ್ಲಿಸಿ ಪಿನ್ ಹಾಕ್ಬೇಕು," ಎಂದು ಅದೀಬ್ ತಲೆ ಚಚ್ಚಿಕೊಳ್ಳುತ್ತಿದ್ದ. ಅವನು ಬೆಂಗಳೂರಿನಲ್ಲಿ ಓದಿದವನು. "ನೀವು ಹಳೇ ಬಟ್ಟೆ ತನ್ನಿ ಅಂದ್ರೆ ಕಸ್ಟಮರ್ ಹೋಗ್ತಾರೆ."

"ಹೋಗವಲ್ರ್ಯಾಕ. ನಾ ಏನ್ ಕೈ ಹಿಡದು ಕರದೀನೇನ್?"

ಹೋದವರು ಹೋದರು. ಖುಷಿಪಟ್ಟವರೂ ಇದ್ದರು. ಎಂಜಿನಿಯರ್ ಮಗನ ಮನೆಯಲ್ಲಿದ್ದ ಹುಬ್ಬಳ್ಳಿಯ ಶಾಂತವ್ವ ಮೊದಲ ಸಲ ಬಂದಾಗಲೇ ಚೀಲದಿಂದ ಜಂಪರ ತೆಗೆದು ಮೇಜಿನ ಮೇಲೆ ಒಗೆದಿದ್ದಳು.

"ತಗೋ ತಮ್ಮಾ, ಅಳತಿದು. ನಿನ್ನ ಗಂಟ ಮಾರಿ ನೋಡಿದ ಕೂಡ್ಲೆ ಗೊತ್ತಾತು, ನಮ್ಮ ಕಡೆ ಟೇಲರ ಅಂತ. ಸೊಸಿ ಟೇಪ್ ಹಿಡೀತೀನಿ ಅಂದ್ಳು, ನಾ ಬ್ಯಾಡ ಅಂದೆ."

"ಚಲೋ ಮಾಡಿದ್ರಿ ಅವ್ವಾರ."

"ಯಾವಾಗ ಕೊಡ್ತಿ?"

"ಶನಿವಾರ ಖಂಡಿತ."

"ಯಾವ ಶನಿವಾರ ಅದನ್ನೂ ಬರದಿಡು," ಎಂದು ಶಾಂತವ್ವ ನಕ್ಕಿದ್ದಳು. ಅವಳು ಕಂಡವಳು. ಹಬ್ಬದ ಬಟ್ಟೆಯನ್ನು ಹಬ್ಬದ ಹಿಂದಿನ ಸಂಜೆಗೆ ಕೊಡುವುದು, ಮದುವೆಯ ಜಂಪರವನ್ನು ಅಕ್ಕಿಕಾಳು ಬೀಳುವ ಹೊತ್ತಿಗೆ ಕೊಡುವುದು, ಇದೂ ಅಲೀಮನಿಗೆ ಅಪ್ಪನಿಂದಲೇ ಬಂದದ್ದು.

ಮಿರೆಯ್ ಮೇಡಂ ಮೊದಲು ಬಂದದ್ದು ತೊಂಬತ್ತೆಂಟರ ಚಳಿಯಲ್ಲಿ, ಓವರ್‌ಕೋಟಿನ ಅಸ್ತರು ಹೊಲಿಸಲು. ಒಯ್ಯಲು ಬಂದವಳು ಕೋಟನ್ನು ತಿರುವಿ, ಕೈಹೊಲಿಗೆಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತಳು. ಇಬ್ಬರದೂ ಮುರುಕು ಇಂಗ್ಲಿಷು. ಆಕೆಯದು ಮೂಗಿನಿಂದ ಬರುವುದು, ಇವನದು ಹಲ್ಲಿನ ಸಂದಿಯಿಂದ. ಆದರೆ ಆಕೆ ಆಡಿದ್ದೆಲ್ಲ ಅಲೀಮನ ತಲೆಯೊಳಗೆ ಗದಗಿನ ಕನ್ನಡವಾಗಿಯೇ ಉಳಿಯಿತು. ಇಂದಿಗೂ ಅವನು ಆಕೆಯ ಮಾತು ಹೇಳುವುದು ಹಾಗೆಯೇ.

"ನಮ್ಮವ್ವ ಹಿಂಗ ಹೊಲೀತಿದ್ಳು ಮಸ್ಯು. ಹಗಲೆಲ್ಲ ಗಿರಣ್ಯಾಗ ಮಗ್ಗ, ಮನಿಗೆ ಬಂದು ಸೂಜಿ."

"ಮಗ್ಗ ಅಂದ್ರಿ? ನಮ್ಮೂರೂ ಮಗ್ಗದ ಊರ ಐತ್ರಿ."

ಮಸ್ಯು ಅಂದರೆ ಅವರ ಭಾಷೆಯಲ್ಲಿ ಸಾಹೇಬರೇ ಎಂದಂತೆ. ಅಲೀಮನನ್ನು ಆ ದೇಶದಲ್ಲಿ ಹಾಗೆ ಕರೆದವರು ಬೇರಾರೂ ಇಲ್ಲ. ಆಮೇಲೆ ಆಕೆ ತಿಂಗಳಿಗೊಮ್ಮೆ ಏನಾದರೊಂದು ನೆಪ ಹಿಡಿದು ಬರುತ್ತಿದ್ದಳು. ಒಂದು ಗುಂಡಿ, ಒಂದು ಜಿಪ್ಪು. ಸ್ಟೂಲಿನ ಮೇಲೆ ಕೂತು ಮಾತಾಡುವಳು. ಅಲೀಮ್ ತಲೆ ಬಗ್ಗಿಸಿ ಮಷಿನ್ ತುಳಿಯುತ್ತ ಕೇಳುವನು. ಕಣ್ಣಿಗೆ ಬೀಳುತ್ತಿದ್ದದ್ದು ಆಕೆಯ ಬೂಟು ಮಾತ್ರ.

ಆಕೆ ಹುಟ್ಟಿದ್ದು ಇಪ್ಪತ್ತೊಂಬತ್ತನೇ ಇಸವಿಯಲ್ಲಿ, ಫ್ರಾನ್ಸಿನ ರೂಬೆ ಎಂಬ ಬಟ್ಟೆ ಗಿರಣಿಗಳ ಊರಿನಲ್ಲಿ. ಹದಿನಾಲ್ಕಕ್ಕೆ ಆಕೆಯೂ ಗಿರಣಿ ಸೇರಿದಳು. ಮಗ್ಗದ ಸದ್ದಿನಲ್ಲಿ ಒಬ್ಬರಿಗೊಬ್ಬರು ಕೇಳಿಸಬೇಕೆಂದರೆ ಕಿರಿಚಬೇಕು. ಹಾಗಾಗಿ ಆಕೆಯ ದನಿ ಗಡಸು, ಮಾತಿನ ಎಳೆತ ಬೇರೆ. ಮುಖ ಮಾತ್ರ ದೇವರು ಪುರುಸೊತ್ತಿನಲ್ಲಿ ಮಾಡಿದ್ದು. ಹತ್ತೊಂಬತ್ತಕ್ಕೆ ಪ್ಯಾರಿಸ್ಸಿಗೆ ಹೋದಳು. ಸಿನಿಮಾಗಳಲ್ಲಿ ಜಾತ್ರೆಯ ಜನರಲ್ಲೊಬ್ಬಳಾಗಿ, ಹೂ ಮಾರುವವಳಾಗಿ, ನಾಯಕಿಯ ಹಿಂದೆ ಟ್ರೇ ಹಿಡಿದವಳಾಗಿ ನಿಂತು ನಿಂತು, ಐವತ್ಮೂರರಲ್ಲಿ ಒಂದು ಸಿನಿಮಾಕ್ಕೆ ತಾನೇ ನಾಯಕಿಯಾದಳು. ಉಪ್ಪಿನ ವ್ಯಾಪಾರಿಯ ಮಗಳ ಪಾತ್ರ. ಕಡಲಿನ ಹಸಿರು ಬಣ್ಣದ ರೇಷ್ಮೆ ಗೌನು ಹಾಕಿಕೊಂಡು ಮೆಟ್ಟಿಲಿಳಿದು ಬಂದು, ಮದುವೆಯ ಮನೆಯ ಜನರೆದುರು ಅಪ್ಪನ ಮೋಸ ಬಯಲು ಮಾಡುವ ಸೀನು. ಆರು ನಿಮಿಷ ಒಬ್ಬಳೇ ಮಾತಾಡಬೇಕು. ಮಾತಾಡಿದಳು. ಕ್ಯಾಮೆರಾ ಹಿಡಿದವನು ಅತ್ತುಬಿಟ್ಟಿದ್ದನಂತೆ.

"ಆಮ್ಯಾಲೆ?" ಅಲೀಮ್ ಕೇಳಿದ್ದ.

"ಆಮ್ಯಾಲೆ ಸಿನಿಮಾ ನೋಡ್ಲಿಕ್ಕೆ ಹ್ವಾದೆ ಮಸ್ಯು. ಬಾಯಿ ತಗದೆ. ಬ್ಯಾರೆ ಹೆಂಗಸು ಮಾತಾಡಿದ್ಳು."

ಗಿರಣಿಯ ಮಾತು ನಾಯಕಿಗೆ ಒಪ್ಪುವುದಿಲ್ಲ ಎಂದು ಆಕೆಗೆ ತಿಳಿಸದೆಯೇ ನಾಟಕ ಕಂಪನಿಯ ಒಬ್ಬಳಿಂದ ದನಿ ಕೊಡಿಸಿದ್ದರು. ಪೇಪರಿನವರೆಲ್ಲ ಬರೆದದ್ದು ಒಂದೇ. ಆಹಾ, ಏನು ಕಂಠ! ಆ ಕಟಿಂಗುಗಳನ್ನು ಆಕೆ ಹರಿಯಲಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಮುಂದೆ ಆಕೆಯನ್ನು ಕರೆದರೆ ದನಿಯವಳನ್ನೂ ಕರೆಯಬೇಕು, ಎರಡು ಸಂಬಳ. ಹಾಗಾಗಿ ಮಾತಿಲ್ಲದ ಪಾತ್ರಗಳೇ ಬಂದವು. ಮೌನವ್ರತದ ಸನ್ಯಾಸಿನಿ. ರೈಲಿಗೆ ಕೈಬೀಸುವವಳು. ಒಂದು ಸಿನಿಮಾದಲ್ಲಿ ಹೆಣ. ಕೊನೆಯದರಲ್ಲಿ ಕಿಟಕಿಯ ಗಾಜಿನ ಹಿಂದೆ ನಿಂತಿದ್ದಳು, ಅಷ್ಟೇ. ಅರವತ್ತನೇ ಇಸವಿಯಲ್ಲಿ ಕಾರು ಕಂಪನಿಯ ಒಬ್ಬ ಅಮೆರಿಕನ್ ಎಂಜಿನಿಯರನ್ನು ಮದುವೆಯಾಗಿ ಡೆಟ್ರಾಯಿಟಿಗೆ ಬಂದಳು. ಅವನಿಗೂ ಮಾತು ಕಡಿಮೆಯಿರುವ ಹೆಂಡತಿ ಬೇಕಾಗಿತ್ತು. ಮಕ್ಕಳಾಗಲಿಲ್ಲ. ಎಂಬತ್ತೊಂಬತ್ತರಲ್ಲಿ ಅವನು ಸತ್ತ.

ಅಲೀಮನಿಗೆ ಇದು ಎದೆಗೆ ನಾಟಿತು. ಅವನು 'ಐತಿ' ಎಂದರೆ ಸಾಕು, ಬೆಂಗಳೂರಿನ ಹೆಂಗಸರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು.

ಎರಡು ಸಾವಿರದ ನವೆಂಬರಿನಲ್ಲಿ ಆಕೆ ಓಡಿ ಬಂದವಳಂತೆ ಬಂದಳು. ಹಳೆಯ ಸಿನಿಮಾ ತೋರಿಸುವ ಒಂದು ಸಂಘ ಡೆಟ್ರಾಯಿಟಿನ ಹಳೇ ಥಿಯೇಟರಿನಲ್ಲಿ ಅದೇ ಸಿನಿಮಾ ಹಾಕುವುದಂತೆ. ಇರುವುದೊಂದೇ ಪ್ರಿಂಟು ಪ್ಯಾರಿಸ್ಸಿನಿಂದ ಬರುತ್ತದೆ, ಮಾರ್ಚ್ ಹತ್ತನೇ ತಾರೀಕು ಒಂದೇ ಆಟ. ಸಿನಿಮಾಕ್ಕೆ ಮುಂಚೆ ಆಕೆ ಸ್ಟೇಜ್ ಹತ್ತಿ ಮಾತಾಡಬೇಕು.

"ಆ ಆರು ನಿಮಿಷದ ಮಾತು ನನಗ ಇನ್ನೂ ಬಾಯಿಪಾಠ ಐತಿ ಮಸ್ಯು. ಅಲ್ಲೇ ನಿಂತು ನನ್ನ ದನಿಯಿಂದ ಹೇಳ್ತೀನಿ. ಐವತ್ತು ವರ್ಷ ಆತು. ಒಂದ ಸಲ, ಒಂದ ಸಲ ಜನ ಕೇಳಲಿ."

ಮೇಜಿನ ಮೇಲೆ ಬಿಳಿಯ ಕಾಗದದ ಪೊಟ್ಟಣ ಬಿಚ್ಚಿದಳು. ಹಸಿರು ರೇಷ್ಮೆ ಗೌನು. ಸ್ಟುಡಿಯೋದ ಬಟ್ಟೆ ನೋಡಿಕೊಳ್ಳುವವಳು ಕದ್ದು ಕೊಟ್ಟಿದ್ದಂತೆ. ಇಪ್ಪತ್ನಾಲ್ಕರ ಮೈಗೆ ಹೊಲಿದದ್ದು. ಎರಡು ವರ್ಷದ ಹಿಂದೆ ಹಾಕಿ ನೋಡಿದಾಗ ಬೆನ್ನಿನ ಕೊಂಡಿಗಳು ಒಂದಕ್ಕೊಂದು ಮುಟ್ಟಿರಲೇ ಇಲ್ಲ.

ಅಲೀಮ್ ಗೌನನ್ನು ಒಳಹೊರಗು ಮಾಡಿ ನೋಡಿದ. ಹೊಲಿಗೆಯ ಒಳಗೆ ಬಿಡಬೇಕಾದ ಬಟ್ಟೆ ಒಂದು ದಾರದಷ್ಟೂ ಇಲ್ಲ. ನಮ್ಮ ಕಡೆ ಹಾಗಲ್ಲ. ಹುಡುಗಿ ಮುಂದೆ ಹೆಂಗಸಾಗುತ್ತಾಳೆ, ಹೊರಳಿ ಬಂದು ಬಿಡಿಸಿಕೊಳ್ಳುತ್ತಾಳೆ ಎಂದು ಎರಡು ಬೆರಳು ಒಳಗೇ ಮಡಚಿಟ್ಟಿರುತ್ತಾರೆ.

"ಒಳಗ ಬಟ್ಟಿ ಬಿಟ್ಟಿಲ್ಲ ಹಲ್ಕಟ್ ಸೂಳೇಮಕ್ಳು," ಎಂದು ಕನ್ನಡದಲ್ಲಿ ಬೈದ. ಆಮೇಲೆ ಇಂಗ್ಲಿಷಿನಲ್ಲಿ, ಹಿಂದೆ ನೆಲದ ಮೇಲೆ ಎಳೆಯುವ ಸೆರಗಿನಿಂದ ಪಟ್ಟಿ ಕತ್ತರಿಸಿ ಎರಡೂ ಕಂಕುಳ ಕೆಳಗೆ ಕೂಡಿಸುತ್ತೇನೆ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂದ. ಅಳತೆಗೆ ಮೈಗೆ ಕೂರುವ ಬಟ್ಟೆಯೊಂದು ತನ್ನಿ ಎಂದೂ ಹೇಳಿದ.

ಮರುದಿನ ಆಕೆ ಕಪ್ಪು ಜಾಕೆಟ್ ತಂದುಕೊಟ್ಟಳು. "ಟೇಪ್ ಹಿಡಿಯೂದಿಲ್ಲ? ಸ್ಟುಡಿಯೋದಾಗ ನಾಕ್ ನಾಕ್ ಗಂಡಸ್ರು ಪಿನ್ ಹಿಡದು ಮೈತುಂಬ ಕೈ ಹಾಕ್ತಿದ್ರು. ನೀವು ಮರ್ಯಾದಿ ಮನಶ್ಯಾ ಮಸ್ಯು."

ಆ ಮಾತಿಗೆ ಅಲೀಮನ ಎದೆ ಒಂದು ಗೇಣು ಉಬ್ಬಿತು. ಅದೀಬನನ್ನು ಕರೆದು, ಅವನೆದುರು ಆಕೆಯಿಂದ ಎರಡು ಸಲ ಹೇಳಿಸಿದ.

ಜಾಕೆಟ್ಟಿನ ಎದೆ ಮೂವತ್ತೆಂಟೂವರೆ ಇಂಚು. ಗೌನು ಮೂವತ್ನಾಲ್ಕು. ಜಾಕೆಟ್ಟು ಹೊಲಿಸಿದ್ದು ಯಾವಾಗ ಎಂದು ಇವನು ಕೇಳಲಿಲ್ಲ. ಆ ಚಳಿಗಾಲ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿದ ದಿನಗಳೂ ಇದ್ದವು. ಆಕೆ ಮೊಣಕಾಲು ಮುಚ್ಚುವ ಓವರ್‌ಕೋಟು, ತಲೆಗೆ ರುಮಾಲು. ಅದರೊಳಗಿನ ಮೈ ಎಷ್ಟಿದೆ ಎಂದು ಇವನು ಕಣ್ಣೆತ್ತಿ ನೋಡಲೂ ಇಲ್ಲ. ಡಿಸೆಂಬರಿನಲ್ಲಿ ಈದ್, ಮಾರ್ಚಿನ ಮೊದಲ ವಾರ ಬಕ್ರೀದ್. ನಮ್ಮ ಕಡೆಯ ಮನೆಗಳ ಸಲ್ವಾರು, ಶೇರ್ವಾನಿ ಗುಡ್ಡೆ ಬಿದ್ದಿತ್ತು. ಮಿರೆಯ್ ಮೇಡಂ ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: ಶನಿವಾರ ಖಂಡಿತ.

"ಒಮ್ಮೆ ಟ್ರಯಲ್‌ಗೆ ಕರೀರಿ," ಎಂದು ದಿಲ್‌ಶಾದ್ ಹೇಳಿದ್ದಳು. ಮನೆಯಲ್ಲಿ ಅವರಿಬ್ಬರೂ ಆಡುವುದು ಉರ್ದು, ಜಗಳಕ್ಕೆ ಮಾತ್ರ ಕನ್ನಡ.

"ಅಳತಿ ಬಟ್ಟಿ ಐತಿ. ಟ್ರಯಲ್ ಹೊಸದಾಗಿ ಕಲಿಯೋರು ಮಾಡ್ತಾರ, ನಾನಲ್ಲ."

ಕೊನೆಗೆ ಕೊಟ್ಟದ್ದು ಶನಿವಾರವೇ. ಮಾರ್ಚ್ ಹತ್ತು, ಮಧ್ಯಾಹ್ನ ನಾಲ್ಕು ಗಂಟೆ. ಸಂಘದ ಕಾರು ಐದೂವರೆಗೆ ಬರುವುದಿತ್ತು. ಗೌನನ್ನು ಎರಡೂ ಕೈಯಲ್ಲಿ ಹೊತ್ತು ಅಲೀಮ್, ಹಿಂದೆ ದಿಲ್‌ಶಾದ್, ಆಕೆಯ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿದರು. ತೊಡಿಸಲು ದಿಲ್‌ಶಾದ್ ಒಳಗೆ ಹೋದಳು. ಅಲೀಮ್ ಹೊರಗೆ ನಿಂತ. ಹತ್ತು ನಿಮಿಷವಾದ ಮೇಲೆ ದಿಲ್‌ಶಾದ್ ಬಾಗಿಲು ಅರ್ಧ ತೆರೆದಳು.

"ಒಳಗ ಬರ್ರಿ."

"ನಾ ಯಾಕ?"

"ಬರ್ರಿ ಅಂದೆ. ಪಿನ್ ಡಬ್ಬಿ ತಗೊಂಡ ಬರ್ರಿ."

ಮಿರೆಯ್ ಮೇಡಂ ಕನ್ನಡಿಯ ಮುಂದೆ ನಿಂತಿದ್ದಳು. ಗೌನು ಭುಜದಿಂದ ಜಾರದಂತೆ ಎರಡೂ ಕೈಯಲ್ಲಿ ಎದೆಯ ಹತ್ತಿರ ಮುದ್ದೆ ಮಾಡಿ ಹಿಡಿದಿದ್ದಳು. ತಲೆಯಲ್ಲಿ ರುಮಾಲು ಇರಲಿಲ್ಲ. ಕೂದಲು ಹಸುಗೂಸಿನದರಷ್ಟು. ಕುತ್ತಿಗೆಯ ಕೆಳಗಿನ ಎಲುಬುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

ಅಲೀಮ್ ಮೊದಲ ಸಲ ಟೇಪು ತೆಗೆದು ಒಬ್ಬ ಹೆಂಗಸಿನ ಮೈಗೆ ಸುತ್ತಿದ. ಮೂವತ್ಮೂರೂವರೆ.

ಅವನ ಕೈ ಅಲ್ಲೇ ನಿಂತಿತು. ಗೌನು ಮೊದಲಿದ್ದದ್ದು ಮೂವತ್ನಾಲ್ಕು. ಕತ್ತರಿ ಮುಟ್ಟಿಸದೆ ಹಾಗೇ ತಂದುಕೊಟ್ಟಿದ್ದರೆ ಸಾಕಿತ್ತು. ಐವತ್ಮೂರರಲ್ಲಿ ಹೇಗೆ ಕೂತಿತ್ತೋ ಹಾಗೇ ಕೂರುತ್ತಿತ್ತು.

ತಪ್ಪು ತನ್ನದು ಎಂದು ಗೊತ್ತಾದ ಕ್ಷಣವೇ ಅವನಿಗೆ ಸಿಟ್ಟು ಬರುವುದು. ಬಂತು.

"ರೋಗ ಐತಿ ಅಂತ ಯಾಕ ಹೇಳಲಿಲ್ಲ? ಆಂ? ನಾ ಏನ್ ದೇವರೇನ್, ಕೋಟಿನ ಒಳಗ ಕಾಣ್ಲಿಕ್ಕೆ? ಹೇಳಾಕ ಬಾಯಿಗೆ ಏನಾಗಿತ್ತು ನಿಮಗ?"

ದಿಲ್‌ಶಾದ್ ತೋಳು ಹಿಡಿದು ಎಳೆದಳು. ಮಿರೆಯ್ ಮೇಡಮ್ಮಿಗೆ ಸಿಟ್ಟು ಬರಲಿಲ್ಲ.

"ನೀವು ಕೇಳಲಿಲ್ಲ ಮಸ್ಯು. ನೋಡಲೂ ಇಲ್ಲ."

ಅಲೀಮ್ ಪಿನ್ ಹಾಕಿದ. ಹತ್ತು, ಇಪ್ಪತ್ತು, ಮೂವತ್ತು. ಕೂಡಿಸಿದ ಪಟ್ಟಿಗಳು ಕಂಕುಳಲ್ಲಿ ಗಂಟುಗಂಟಾಗಿ ಎದ್ದು ನಿಂತವು. ಸೆರಗು ಕತ್ತರಿಸಿದ್ದರಿಂದ ಹಿಂದೆ ಮೊಂಡು. ಬಿಚ್ಚಿ ಹೊಲಿಯಲು ಎರಡು ದಿನವಾದರೂ ಬೇಕು. ಕೆಳಗೆ ಕಾರು ಬಂದು ಹಾರ್ನ್ ಮಾಡಿತು.

"ಸಾಕು," ಎಂದಳು ಆಕೆ.

"ಬ್ಯಾರೆ ಅರಿವಿ ಹಾಕ್ಕೊಂಡ ಹೋಗ್ರಿ ಮೇಡಂ," ದಿಲ್‌ಶಾದ್ ಗೋಗರೆದಳು.

"ಪರದೆ ಮ್ಯಾಲೆ ಅಕಿ ಇರ್ತಾಳ, ಹಸರು ಗೌನಿನಾಕಿ. ಇಷ್ಟ ಮಾರಿ ಬದಲಾದ ಮುದುಕಿ ಹೋಗಿ ಅಕಿ ನಾನ ಅಂದ್ರ, ದನಿ ಇದು ಅಂದ್ರ, ಯಾರ ನಂಬ್ತಾರ? ಈ ಅರಿವಿ ಒಂದ ನನ್ನ ಸಾಕ್ಷಿ ಇತ್ತು ತಂಗಿ."

ತಾನು ಬರಲಾರೆನೆಂದು ಒಂದು ಚೀಟಿ ಬರೆದು ಅಲೀಮನ ಕೈಗೆ ಕೊಟ್ಟು, ಸಂಘದವರಿಗೆ ಮುಟ್ಟಿಸಿ ಎಂದಳು. ದಿಲ್‌ಶಾದ್ ಆಕೆಯ ಹತ್ತಿರ ಉಳಿದಳು. ಆಕೆಗೆಂದು ಬಂದ ಕಾರಿನಲ್ಲಿ ಅಲೀಮ್ ಇಪ್ಪತ್ತೈದು ಮೈಲಿ ಹೋದ. ಮಡಿಲಲ್ಲಿ ಪಿನ್ ಡಬ್ಬಿ ಹಾಗೇ ಇತ್ತು.

ಥಿಯೇಟರು ಅರ್ಧ ತುಂಬಿತ್ತು. ಸಂಘದ ಹುಡುಗಿಯೊಬ್ಬಳು ಸ್ಟೇಜ್ ಹತ್ತಿ ಚೀಟಿ ಓದಿದಳು. ಇಂಪಾದ ದನಿ ಅವಳದು. ಮತ್ತೊಮ್ಮೆ ಬೇರೆಯವಳ ದನಿ. ಜನ ಚಪ್ಪಾಳೆ ತಟ್ಟಿದರು. ದೀಪ ಆರಿತು.

ಅಲೀಮ್ ಕೊನೆಯ ಸಾಲಿನಲ್ಲಿ ಕೂತು ಆಕೆಯನ್ನು ನೋಡಿದ. ಬೂಟು ಮಾತ್ರ ಕಂಡಿದ್ದವನು ಮುಖ ನೋಡಿದ, ಹೆಗಲು ನೋಡಿದ, ಮೆಟ್ಟಿಲಿನ ಮೇಲೆ ಸೆರಗು ನೀರಿನಂತೆ ಹರಿದು ಬರುವುದನ್ನು ನೋಡಿದ. ಸಿನಿಮಾ ಕಪ್ಪು ಬಿಳುಪು. ಆ ಗೌನು ಹಸಿರೆಂದು ಥಿಯೇಟರಿನಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ. ಆಕೆ ಬಾಯಿ ತೆರೆದಳು. ಜೇನಿನಂಥ ದನಿ ಬಂತು. ಆರು ನಿಮಿಷ. ಅಲೀಮನಿಗೆ ಒಂದಕ್ಷರ ತಿಳಿಯಲಿಲ್ಲ, ಆಕೆಯ ಗಂಟಲಿನ ನರ ಬಿಗಿದದ್ದು ಮಾತ್ರ ಕಂಡಿತು. ಒಳಗೆ ಆಕೆ ಕಿರಿಚುತ್ತಿದ್ದಾಳೆ, ಮಗ್ಗದ ನಡುವೆ ನಿಂತವಳ ಹಾಗೆ, ಹೊರಗೆ ಯಾರಿಗೂ ಕೇಳುತ್ತಿಲ್ಲ.

ಆಟ ಮುಗಿದು ಹೊರಗೆ ಬರುವಾಗ ಒಬ್ಬ ಮುದುಕ ಹೆಂಡತಿಗೆ ಹೇಳಿದ, ಎಂಥ ವಾಯ್ಸ್ ಆಕೆಯದು ಎಂದು. ಅಷ್ಟು ಇಂಗ್ಲಿಷು ಅಲೀಮನಿಗೆ ತಿಳಿಯುತ್ತಿತ್ತು. ಅದು ಆಕೆಯದಲ್ಲ ಎಂದು ಕೂಗಬೇಕು. ಕಂಡಕಂಡವರ ಮೇಲೆ ಕೂಗುವ ಮನುಷ್ಯ. ಅವತ್ತು ಬಾಯಿಂದ ದನಿ ಹೊರಡಲಿಲ್ಲ.

ಬೇರೆಲ್ಲ ಕೆಲಸ ಬದಿಗಿಟ್ಟು ನಾಲ್ಕು ದಿನದಲ್ಲಿ ಗೌನನ್ನು ಮೊದಲಿನಂತೆ ಮಾಡಿದ. ಪಟ್ಟಿ ಬಿಚ್ಚಿ ಸೆರಗಿಗೇ ಕೂಡಿಸಿ, ಸೂಜಿಯ ತೂತೂ ಕಾಣದಂತೆ ಕೈಹೊಲಿಗೆ ಹಾಕಿದ. ಒಯ್ದರೆ ಆಕೆ ಆಸ್ಪತ್ರೆಯಲ್ಲಿ. ಆಸ್ಪತ್ರೆಗೆ ಹೋದರೆ ಸಂಬಂಧಿಕರನ್ನು ಮಾತ್ರ ಬಿಡುವುದು ಎಂದರು. ನೀವು ಆಕೆಗೆ ಏನಾಗಬೇಕು ಎಂದು ಕೇಳಿದರು. ಟೈಲರ್ ಎಂದ. ಏಪ್ರಿಲಿನಲ್ಲಿ ಮತ್ತೆ ಹೋದಾಗ ಅಪಾರ್ಟ್‌ಮೆಂಟಿನ ಗೋಡೆಗೆ ಹೊಸ ಬಣ್ಣ ಬಳಿಯುತ್ತಿದ್ದರು. ಸತ್ತು ಎರಡು ವಾರವಾಗಿತ್ತು. ಮೈಯನ್ನು ಡಾಕ್ಟರು ಕಲಿಯುವ ಕಾಲೇಜಿಗೆ ಬರೆದುಕೊಟ್ಟಿದ್ದಳಂತೆ. ಬಿಸ್ಕತ್ತಿನ ಡಬ್ಬಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ.

ಎರಡು ಸಾವಿರದ ಏಳರಲ್ಲಿ ಅಲೀಮ್ ಹಜ್‌ಗೆ ಅರ್ಜಿ ಹಾಕಿದ. ಅಮೆರಿಕಕ್ಕೆ ಬಂದಂದಿನಿಂದ ಕಂಡ ಕನಸು. ಇನ್ನೊಬ್ಬರ ಋಣ ತಲೆಯ ಮೇಲಿಟ್ಟುಕೊಂಡು ಹೋಗುವ ಹಾಗಿಲ್ಲ, ನೋಯಿಸಿದವರಲ್ಲೆಲ್ಲ ಮಾಫಿ ಕೇಳಿ ಹೊರಡಬೇಕು. ಅವನದು ಉದ್ದನೆಯ ಪಟ್ಟಿ. ಅದೀಬನಿಂದಲೇ ಶುರು ಮಾಡಿದ. ಮಗನ ಕೆಲಸ ಬದಲಾಗಿ ಶಾಂತವ್ವ ಷಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸಿನಲ್ಲಿದ್ದಳು. ಒಂದು ಕಾಲಕ್ಕೆ ಅವಳ ರೇಷ್ಮೆ ಜಂಪರ ಸುಟ್ಟಿದ್ದ, ಮೇಲಾಗಿ ಅವಳನ್ನೇ ಬೈದಿದ್ದ. ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಹೋದ.

"ಅಯ್ಯ ಮೂಳಾ, ಜಂಪರಕ್ಕ ಇಷ್ಟ ದೂರ ಬಂದ್ಯಾ? ಮಾಫ್ ಮಾಡೀನಿ, ಉಣ್ಣಾಕೇಳು," ಎಂದು ಶಾಂತವ್ವ ರೊಟ್ಟಿ ಬಡಿದಳು. ಉಣ್ಣುತ್ತ ಅವನು ಗೌನಿನ ವಿಷಯ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಸಾಯೂ ಹೆಂಗಸಿಗೆ ಬೈದ್ಯಾ?"

"ಬೈದೆ ಅವ್ವಾರ."

"ತಪ್ಪಾತು ಅಂದಿ, ಹೌದಿಲ್ಲೋ?"

"ಇಲ್ರಿ."

ಶಾಂತವ್ವ ಒಲೆ ಆರಿಸಿದಳು. ಇನ್ನೊಂದು ರೊಟ್ಟಿ ಹಾಕಲಿಲ್ಲ.

ಆಕೆಯ ಹೆಸರಿನಲ್ಲಿ ದಾನ ಮಾಡಿ, ಮನಸ್ಸು ಹಗುರ ಮಾಡಿಕೊಂಡು ಹೊರಡಿ ಎಂದು ಮಸೀದಿಯ ಹಜರತರು ಹೇಳಿದರು. ಗೌನನ್ನು ಯಾರಿಗಾದರೂ ಕೊಡಿ ಎಂದರು. ಯಾರಿಗೆ? ಅದು ಮೂವತ್ಮೂರೂವರೆ ಇಂಚಿನ ಒಬ್ಬಳ ಮೈಗೆ ಒಪ್ಪುವ ಬಟ್ಟೆ. ಅಲೀಮ್ ಅರ್ಜಿ ವಾಪಸ್ ತೆಗೆದುಕೊಂಡ. ದಿಲ್‌ಶಾದ್ ಅತ್ತಳು, ಬೈದಳು, ಕೊನೆಗೆ ತಮ್ಮನ ಜೊತೆ ಹೋಗಿ ಬಂದಳು. ಅವಳು ಮೆಕ್ಕಾದಿಂದ ತಂದ ಖರ್ಜೂರ, ಜಮ್‌ಜಮ್ ನೀರು ಎರಡನ್ನೂ ಇವನು ಮುಟ್ಟಲಿಲ್ಲ.

ತೊಂಬತ್ತು ದಿನದಲ್ಲಿ ಒಯ್ಯದ ಬಟ್ಟೆಯನ್ನು ಅಂಗಡಿ ಇಟ್ಟುಕೊಳ್ಳುವುದಿಲ್ಲ ಎಂದು ಗೋಡೆಯ ಮೇಲೆ ಬೋರ್ಡಿದೆ. ಅದೀಬ್ ಈಗ ಅದರ ಮಾತೆತ್ತುವುದನ್ನು ಬಿಟ್ಟಿದ್ದಾನೆ. ಹಿಂದಿನ ಸರಳಿನ ತುದಿಯಲ್ಲಿ, ಪ್ಲಾಸ್ಟಿಕ್ಕಿನೊಳಗೆ ಹಸಿರು ಗೌನು ನೇತಾಡುತ್ತಿದೆ. ಇಂಗ್ಲಿಷ್ ಬರೆಯಲು ಬಾರದ್ದರಿಂದ ಅಲೀಮ್ ಚೀಟಿಗಳನ್ನು ಕನ್ನಡದಲ್ಲೇ ಬರೆಯುವುದು. ಪಿನ್ನಿಗೆ ಸಿಕ್ಕಿಸಿದ ಆ ಚೀಟಿಯ ಮೇಲೆ ಅವನದೇ ಕೈಬರಹವಿದೆ: ಮಿರೆಯ್ ಮೇಡಂ. ಗೌನು ಒಂದು. ಶನಿವಾರ ಖಂಡಿತ.